ಪಥ್ಯ ಮುಗಿದ ಮೇಲೆ

ಜೂನ್ 24, ಮಂಗಳವಾರ. ಬೆಳಿಗ್ಗೆ 8.40

ಇವತ್ತೂ ಮಾತ್ರೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡಿದ್ದಳು. ಬಾಯಿ ತೆಗೆಸಿದೆ. ನಾಲಿಗೆ ಎತ್ತಿಸಿದೆ.

"ಅಜ್ಜೀ, ನೀನು ಪೊಲೀಸಾ?"

"ಹ್ಞೂಂ. ನುಂಗು."

ನುಂಗಿದಳು. ಒಂದು ಶೂ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ—ವ್ಯಾನಿಗೆ ಓಡಿದಳು. ಊಟದ ಬ್ಯಾಗು ಇಲ್ಲೇ ಉಳಿಯಿತು. ಮಗ ಪ್ರಸನ್ನ ಬೈಕ್ ತೆಗೆದುಕೊಂಡು ಹಿಂದೆ ಹೋದ. ಮೋಟಾರ್ ರಿವೈಂಡಿಂಗ್ ಅಂಗಡಿ ತೆರೆಯುವ ಮೊದಲು ಅವನ ದಿನದ ಮೊದಲ ಕೆಲಸ ಇದು. ಚನ್ನಗಿರಿಯಲ್ಲಿ ನಮ್ಮ ಬೀದಿಗೆಲ್ಲ ನಮ್ಮ ಮನೆಯ ಎಂಟೂವರೆ ಗಂಟೆ ಗೊತ್ತು.

ಮೊಮ್ಮಗಳಿಗೆ ಎಂಟು ವರ್ಷ. ಇಂಚರ ಅಂತ ಹೆಸರಿಟ್ಟವಳು ನಾನೇ. ಹೋದ ವರ್ಷ ಶಾಲೆಯಿಂದ ಮೇಲಿಂದ ಮೇಲೆ ಫೋನ್. ಬೆಂಚಿನ ಮೇಲೆ ನಡೆಯುತ್ತಾಳೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾಳೆ. ಕಿಟಕಿಯಿಂದ ಹೊರಗೆ ಹಾರಿದಳು. ಮೇ ತಿಂಗಳಲ್ಲಿ ದಾವಣಗೆರೆಯ ಡಾಕ್ಟರ್ ರೇಣುಕಪ್ರಸಾದ್ ಹಲವು ಸಲ ಕರೆಸಿ, ಆಡಿಸಿ, ಮಾತಾಡಿಸಿ ನೋಡಿ ಎಡಿಎಚ್‌ಡಿ, ಅತಿ ಚಂಚಲತೆಯ ತೊಂದರೆ, ಅಂದರು. ಶಾಲೆ ಶುರುವಾದಾಗಿನಿಂದ ಮಾತ್ರೆ.

ಸೊಸೆ ರೂಪಶ್ರೀ ಕೇಳಿದವರಿಗೆಲ್ಲ ವಿಟಮಿನ್ ಅನ್ನುತ್ತಾಳೆ.

"ತಲೆ ಡಾಕ್ಟರ ಮಾತ್ರೆ ಅಂತ ಗೊತ್ತಾದ್ರೆ ಈ ಊರು ಬಿಡ್ತೈತಾ ಅತ್ತೆ? ನಾಳೆ ಇವಳ ಮದುವಿ ಹೊತ್ತಿಗೂ ನೆಪ್ಪಿಟ್ಕಂಡು ಹೇಳ್ತಾರೆ."

ಎಂಟು ವರ್ಷದವಳ ಮದುವೆ! ಸಿಟ್ಟು ಬಂತು. ಜಗಳಕ್ಕೆ ಶಕ್ತಿ ಬರಲಿಲ್ಲ.

ಜುಲೈ 9, ಬುಧವಾರ

ಒಂದು ಇಡೀ ಪುಟ ಓದಿದಳು. ಕುಳಿತು. ನನ್ನ ಪಕ್ಕದಲ್ಲಿ, ಬೆರಳಿಟ್ಟುಕೊಂಡು, ಕೊನೆಯ ಸಾಲಿನವರೆಗೆ. ಓದಿ ಮುಗಿಸಿ ತಾನೇ ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

ಊಟ ಕಡಿಮೆಯಾಗಿದೆ. ಡಾಕ್ಟರು ಮೊದಲೇ ಹೇಳಿದ್ದರು. ಸಂಜೆ ಹಸಿವಾಗುತ್ತದೆ, ಆಗ ಕೊಡಿ ಅಂದಿದ್ದರು. ಸಂಜೆ ಎರಡು ರೊಟ್ಟಿ ತಿನ್ನುತ್ತಾಳೆ.

ಮಾತ್ರೆಗೆ ಮನೆಯಲ್ಲಿ ಮೊದಲು ಒಪ್ಪಿದವಳು ನಾನು. ತಮ್ಮ ಧರ್ಮಪ್ಪ ನೆನಪಾಗಿದ್ದ. ಜಗಳೂರಿನ ಶಾಲೆಯಲ್ಲಿ ಕೂತಲ್ಲಿ ಕೂರುವುದಿಲ್ಲವೆಂದು ಮೇಷ್ಟ್ರು ಅವನನ್ನು ನೀರು ಸೇದುವ ಹಗ್ಗದಿಂದ ಕಂಬಕ್ಕೆ ಕಟ್ಟುತ್ತಿದ್ದರು. ನಾನು ಮುಂದಿನ ಕ್ಲಾಸಿನಿಂದ ನೋಡುತ್ತಿದ್ದೆ. ಅಪ್ಪ ಹೋಗಿ ಮೇಷ್ಟ್ರಿಗೆ ಕೈ ಮುಗಿದು ಬಂದರು, ಹುಡುಗನನ್ನು ದಾರಿಗೆ ತಂದಿರಿ ಅಂತ. ಮೇಷ್ಟ್ರ ಹೆಸರು, ಹಗ್ಗದ ನೀಲಿ ಬಣ್ಣ, ಎಲ್ಲ ನೆನಪಿದೆ. ಆರನೇ ಕ್ಲಾಸಿಗೆ ಓದು ಬಿಟ್ಟ. ಈಗ ಸೊಕ್ಕೆಯಲ್ಲಿ ಮೆಕ್ಕೆಜೋಳದ ದಲ್ಲಾಳಿ. ಅರವತ್ತರ ಹತ್ತಿರ ಬಂದರೂ ನಿಂತುಕೊಂಡೇ ಊಟ ಮಾಡುತ್ತಾನೆ.

ಈ ಮಗುವಿಗೆ ಹಗ್ಗ ಬೇಡ. ಮಾತ್ರೆ ಇರಲಿ.

ಆಗಸ್ಟ್ 12, ಮಂಗಳವಾರ

ಹೊಟ್ಟೆನೋವು ಅನ್ನುತ್ತಾಳೆ. ಬೆಳಿಗ್ಗೆ ವಾಂತಿ. ಶಾಲೆಗೆ ಕಳಿಸಲಿಲ್ಲ. ಮಾತ್ರೆ ಮಾತ್ರ ಕೊಟ್ಟೆವು—ತಪ್ಪಿಸಬಾರದು ಅಂತ.

ಆಗಸ್ಟ್ 14, ಗುರುವಾರ. ಮಧ್ಯಾಹ್ನ

ಕಣ್ಣು ಹಳದಿ. ಬಿಸಿಲಿಗೆ ತಿರುಗಿಸಿ ನೋಡಿದೆ. ಅನುಮಾನವೇ ಇಲ್ಲ. ಮೂತ್ರ ಕಡು ಚಹಾದ ಬಣ್ಣ.

ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಕೇಳಿದರು: "ಬೇರೆ ಯಾವ್ದಾದ್ರೂ ಔಷಧಿ ನಡೀತಿದೆಯಾ?"

"ವಿಟಮಿನ್ ಅಷ್ಟೇ ಸಾರ್," ರೂಪಶ್ರೀ ಅಂದಳು.

ಬಾಗಿಲಲ್ಲಿ ಕಾಂಪೌಂಡರ್ ಹಾಲಸ್ವಾಮಿ ನಿಂತಿದ್ದ. ರೂಪಶ್ರೀಯ ತವರಿನ ಕಡೆಯವನು. ನಾನು ಬಾಯಿ ತೆರೆದೆ. ಅವಳು ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದಳು. ಮುಚ್ಚಿದೆ.

ರಕ್ತ ತೆಗೆದರು. ಲಿವರ್ ಊದಿದೆ, ಕಾಮಾಲೆ, ನೀರಿನಿಂದ ಬಂದಿರಬಹುದು ಅಂದರು. ಕಾಯಿಸಿ ಆರಿಸಿದ ನೀರು, ವಿಶ್ರಾಂತಿ. ವಾರ ಬಿಟ್ಟು ಬನ್ನಿ.

ನಮ್ಮ ಮನೆಯಲ್ಲಿ ಯಾವತ್ತೂ ಕಾಯಿಸಿದ ನೀರೇ. ಹೇಳಿದೆ. "ಶಾಲೆಯಲ್ಲಿ ಕುಡಿದಿರ್ತಾಳೆ ಬಿಡಿ" ಅಂದರು. ಇರಬಹುದು.

ಆಗಸ್ಟ್ 17, ಭಾನುವಾರ. ಸಂಜೆ

ಧರ್ಮಪ್ಪನಿಗೆ ಸುದ್ದಿ ಮುಟ್ಟಿಸಿದವನು ಪ್ರಸನ್ನ. ತಮ್ಮ ನಿನ್ನೆಯೇ ಯಾರದೋ ಬೊಲೆರೊ ತೆಗೆದುಕೊಂಡು ಬಂದಿಳಿದ.

"ಅಕ್ಕಾ, ಕಾಮಣಿಗೆ ಇಂಗ್ಲಿಷ್ ಔಷಧಿ ಇಲ್ಲ. ಪೇಪರ್ ಓದೋರಿಗೆ ಇದೊಂದು ಯಾಕೆ ಗೊತ್ತಾಗಲ್ಲ? ಕೊಟ್ರಮ್ಮನ ಹತ್ರ ಮೂರು ಭಾನುವಾರ ಎಲೆ ಕುಡಿಸಿದ್ರೆ ಮುಗೀತು."

ಬೈದೆ. ಹೊನ್ನಾಳಿ ಗ್ರಂಥಾಲಯದಲ್ಲಿ ಕೆಲಸ ಮಾಡಿದಷ್ಟು ಕಾಲವೂ ಇಂಥ ಎಲೆ, ಬರೆ, ತಾಯಿತಗಳ ವಿರುದ್ಧ ಪತ್ರಿಕೆಗಳ ವಾಚಕರ ವಾಣಿಗೆ ಬರೆದವಳು. ನನ್ನ ಮೊಮ್ಮಗಳನ್ನೇ? ಯಾರೂ ಕೇಳಲಿಲ್ಲ. ಹಾಗಾದರೆ ನಾನೂ ಬರುತ್ತೇನೆ ಅಂದೆ. ಬರೆ ಹಾಕಿದರೆ ಪೊಲೀಸ್ ಸ್ಟೇಷನ್‌ಗೇ ಹೋಗುವುದು.

ಕತ್ತಲಿರುವಾಗಲೇ ಹೊರಟು ಹೊನ್ನಾಳಿ ಸೇತುವೆ ದಾಟುವಾಗ ಬೆಳಕಾಯಿತು. ನ್ಯಾಮತಿ ಆದ ಮೇಲೆ ಸೂರಗೊಂಡನಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೆಂಚಿನ ಮನೆ. ಆಗಲೇ ಜಗಲಿ ತುಂಬ ಹಳದಿ ಕಣ್ಣಿನವರು, ಎಲ್ಲರೂ ಖಾಲಿ ಹೊಟ್ಟೆಯಲ್ಲಿ.

ಕೊಟ್ರಮ್ಮ ಗಟ್ಟಿ ದನಿಯ ಹೆಂಗಸು. ಬರೆ ಇಲ್ಲ, ಮಂತ್ರ ಇಲ್ಲ. ಒಳಗೆ ಅರೆದು ತಂದ ಎಲೆಯನ್ನು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಾಳೆ. ದುಡ್ಡು ಮುಟ್ಟುವುದಿಲ್ಲ. ಧರ್ಮಪ್ಪ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದ.

"ಯಾರವ್ವ ಈವಪ್ಪ, ಗಾಣದ ಎತ್ತಿನಂಗೆ ಸುತ್ತಾಕತ್ಯಾನೆ? ಇವನಿಗೂ ಒಂದು ಲೋಟ ಕೊಡ್ಲೇನು?"

ಜಗಲಿಯೆಲ್ಲ ನಕ್ಕಿತು. ಇಂಚರಳೂ ನಕ್ಕಳು. ನಾಲ್ಕು ದಿನದಲ್ಲಿ ಮೊದಲ ನಗು.

"ಪಥ್ಯ ಕೇಳ್ರಿ. ಎಣ್ಣೆ ಇಲ್ಲ, ಖಾರ ಇಲ್ಲ, ಕರಿದದ್ದು ಇಲ್ಲ. ಇಂಗ್ಲಿಷ್ ಔಷಧಿ ಏನಾರ ಕೊಡಾಕತ್ತೀರೇನು?"

"ವಿಟಮಿನ್," ಅಂದಳು ರೂಪಶ್ರೀ. ಮತ್ತೆ.

"ಅದೂ ಬ್ಯಾಡ. ಮೂರನೇ ಭಾನುವಾರ ಮುಗಿಯೋವರೆಗೂ ಯಾವ ಮಾತ್ರೆನೂ ಮುಟ್ಟಂಗಿಲ್ಲ. ಮುಟ್ಟಿದ್ರೆ ನನ್ನ ಎಲೆ ಕೆಲಸ ಮಾಡಲ್ಲ."

ಹೊರಡುವಾಗ "ಹೋಗಿ ಬರ್ತೀವಿ" ಅನ್ನಬಾರದಂತೆ. ಕಾಯಿಲೆ ಮತ್ತೆ ಬರುತ್ತದಂತೆ. ಯಾರೂ ಏನೂ ಹೇಳದೆ, ಹಿಂದೆ ನೋಡದೆ, ಜಗಳವಾಡಿ ಹೊರಟವರಂತೆ ಬೊಲೆರೊ ಹತ್ತಿದೆವು. ನಾನೂ. ಓದಿದ ಹೆಂಗಸು.

ಆಗಸ್ಟ್ 31, ಭಾನುವಾರ

ಮೂರನೇ ಎಲೆ ಆಯಿತು. ಕಣ್ಣು ಬಿಳುಪಾಗುತ್ತಿದೆ. ಹಸಿವು ಅನ್ನುತ್ತಾಳೆ. ಖಾರವಿಲ್ಲದ ಅನ್ನ ಕಂಡರೆ ತಟ್ಟೆ ತಳ್ಳುತ್ತಾಳೆ, ಅಷ್ಟು ಶಕ್ತಿ ಬಂದಿದೆ.

ಧರ್ಮಪ್ಪನ ಫೋನ್: "ಏನಂತಾರೆ ಪೇಪರ್ ಓದೋರು?"

ಫೋನನ್ನು ಇಂಚರಳ ಕೈಗೆ ಕೊಟ್ಟೆ.

ಸೆಪ್ಟೆಂಬರ್ 11, ಗುರುವಾರ

ರಕ್ತ ಪರೀಕ್ಷೆ ಬಹುಮಟ್ಟಿಗೆ ಸರಿ. ಕ್ಲಿನಿಕ್ಕಿನ ಡಾಕ್ಟರಿಗೂ ಸಂತೋಷ. ಎಲೆಯ ವಿಷಯ ಅವರಿಗೆ ಹೇಳಿಲ್ಲ. ಮಾತ್ರೆಯ ವಿಷಯ ಹೇಳಿಲ್ಲ. ಎಲೆ ಕೊಟ್ಟವಳಿಗೂ ಮಾತ್ರೆಯ ವಿಷಯ ಹೇಳಿಲ್ಲ. ಮಾತ್ರೆ ಕೊಟ್ಟ ದಾವಣಗೆರೆಯವರಿಗೆ ಕಾಮಾಲೆಯ ವಿಷಯವೇ ಹೇಳಿಲ್ಲ. ಫೋನ್ ಮಾಡು ಅಂದರೆ ರೂಪಶ್ರೀ, "ಇದಕ್ಕೂ ಅದಕ್ಕೂ ಏನು ಸಂಬಂಧ ಅತ್ತೆ? ಅವರು ತಲೆಗೆ ನೋಡೋರು."

ಇವತ್ತು ಮತ್ತೆ ಶಾಲೆಗೆ ಹೋದಳು. ಎರಡು ಗಂಟೆಗೆ ಹೆಡ್‌ಮಿಸ್ ಫೋನ್. ನೀರಿನ ಟ್ಯಾಂಕಿನ ಏಣಿ ಹತ್ತಿ ಮೇಲೆ ಕುಳಿತು ಕೆಳಗಿನವರಿಗೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದಳಂತೆ. ಪ್ರಸನ್ನ ಹೋಗಿ ಇಳಿಸಿಕೊಂಡು ಬಂದ.

"ಮೊದಲಿನ ಥರ ಇಟ್ಕೊಳ್ಳೋದಾದ್ರೆ ಕಳಿಸಿ. ಇಲ್ಲಾಂದ್ರೆ ಟಿಸಿ ತಗೊಳ್ಳಿ" ಅಂದರಂತೆ. ಇಟ್ಟುಕೊಳ್ಳುವುದು! ಮಗುವೋ, ಮಣ್ಣಿನ ಗಡಿಗೆಯೋ.

ಸೆಪ್ಟೆಂಬರ್ 15, ಸೋಮವಾರ

ಮಾತ್ರೆ ಇವತ್ತಿನಿಂದ ಮತ್ತೆ ಶುರು. ಹಳೆಯ ಸ್ಟ್ರಿಪ್ಪಿನಲ್ಲಿ ಉಳಿದಿದ್ದವು. ಪಥ್ಯ ಮುಗಿದಿದೆ, ಮೈ ಸರಿಯಾಗಿದೆ, ಶಾಲೆ ಗುಮ್ಮನಂತೆ ನಿಂತಿದೆ. ಕೊಡಲಾ ಅಂತ ರೂಪಶ್ರೀ ಕೇಳಿದಳು. ಹ್ಞೂಂ ಅಂದೆ. ಯೋಚಿಸುವಂಥದ್ದು ಏನೂ ಕಾಣಲಿಲ್ಲ.

ಸೆಪ್ಟೆಂಬರ್ 24, ಬುಧವಾರ

ದಸರಾ ರಜೆ. ಮಗು ಮಲಗಿಯೇ ಇದ್ದಾಳೆ. ವಾಂತಿ, ಎರಡು ಸಲ. ಬಿಸಿಲಿಗೆ ತಿರುಗಿಸಿ ನೋಡುವ ಧೈರ್ಯ ಆಗಲಿಲ್ಲ.

ಸೆಪ್ಟೆಂಬರ್ 25, ಗುರುವಾರ. ಬೆಳಿಗ್ಗೆ 9

ಹಳದಿ. ಹೋದ ಸಲಕ್ಕಿಂತ ಹೆಚ್ಚು. ಅಂಗೈ ಕೂಡ.

ರೂಪಶ್ರೀ ಅಡುಗೆಮನೆಯಲ್ಲಿ ನೆಲಕ್ಕೆ ಕೂತುಬಿಟ್ಟಳು. "ಎಲ್ಲಾ ಕಾಯಿಸಿದ ನೀರೇ ಕೊಟ್ಟೀನಿ ಅತ್ತೆ. ಹೊರಗಿಂದು ಒಂದು ಚೂರೂ ತಿನ್ನಿಸಿಲ್ಲ. ಪಥ್ಯದಾಗೆ ಹೆಂಗಿದ್ಲೋ ಈಗ್ಲೂ ಹಂಗೇ ನೋಡ್ಕಂಡೀನಿ. ಒಂದು ಮಾತ್ರೆ ಬಿಟ್ರೆ—"

ಅಲ್ಲಿಗೆ ನಿಂತಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

ಕೊಟ್ಟಾಗ ಕಾಮಾಲೆ. ನಿಲ್ಲಿಸಿದಾಗ ವಾಸಿ. ಮತ್ತೆ ಕೊಟ್ಟಾಗ ಹತ್ತು ದಿನವೂ ಹಿಡಿಯಲಿಲ್ಲ. ವಾಸಿ ಮಾಡಿದ್ದು ಎಲೆಯಲ್ಲ. ಎಲೆಗಾಗಿ ಮಾತ್ರೆ ನಿಲ್ಲಿಸಿದ್ದೆವಲ್ಲ, ಅದು.

ಎಷ್ಟೋ ವರ್ಷಗಳ ಹಿಂದೆ ಹೊನ್ನಾಳಿಯಲ್ಲಿ ಪತ್ರಿಕೆಗಳನ್ನು ತಾರೀಖಿನ ಪ್ರಕಾರ ಕಟ್ಟಿಡುವಾಗ ಓದಿದ್ದು ಥಟ್ಟನೆ ನೆನಪಾಯಿತು. ಇದೇ ಚಂಚಲತೆಗೆ ಕೊಡುತ್ತಿದ್ದ ಒಂದು ಮಾತ್ರೆಯಿಂದ ಮಕ್ಕಳ ಲಿವರ್ ಕೆಟ್ಟು, ಹೊರದೇಶಗಳಲ್ಲಿ ಅದನ್ನು ಅಂಗಡಿಯಿಂದಲೇ ತೆಗೆದುಹಾಕಿದರು ಅಂತ. ಇದು ಆ ಮಾತ್ರೆ ಅಲ್ಲ, ಬೇರೆ. ಆದರೂ. ಬೇಡದ್ದೆಲ್ಲ ನೆನಪಿಡುವ ಈ ತಲೆ, ಜೂನ್‌ನಲ್ಲಿ ಎಲ್ಲಿ ಹೋಗಿತ್ತು?

ಇವತ್ತಿನ ಮಾತ್ರೆ ಕೊಟ್ಟಿಲ್ಲ.

ಅದೇ ದಿನ, ರಾತ್ರಿ 9

ಪ್ರಸನ್ನನಿಗೆ ಹೇಳಿದೆ. ಈಗಲೇ ದಾವಣಗೆರೆಗೆ ಹೊರಡು ಅಂದೆ. ಅವನು ಅಂಗಡಿಯಿಂದ ಬಂದವನು, ಕೈಯೆಲ್ಲ ವಾರ್ನಿಷ್. ಅಳುವವನಂತೆ ನಿಂತ.

"ಅವ್ವಾ, ಹೋದ ಸಲ ಅಲ್ಲೇ ವಾಸಿ ಆಯ್ತಲ್ಲ. ಮಾಮ ಭಾನುವಾರ ಗಾಡಿ ತರ್ತಾನೆ. ಮಾತ್ರೆ ಹೆಂಗೂ ನಿಲ್ಸೀವಿ. ಎರಡು ದಿನ ನೋಡಾನ."

"ಹೋದ ಸಲ ನಡೆದಾಡ್ತಿದ್ಲು ಪ್ರಸನ್ನ. ಈ ಸಲ ನೋಡು."

"ಆಸ್ಪತ್ರೆಗೆ ಹಾಕಿದ್ರೆ ಸೂಜಿ, ಪೈಪು... ನೀನೇ ಈಗ ಅಂದೆಯಲ್ಲ, ಹಾಳಾದ ಮಾತ್ರೆಯಿಂದ ಆಗಿದ್ದು ಅಂತ. ಮತ್ತೆ ಅದೇ ಡಾಕ್ಟರ ಹತ್ರ ಹೋಗು ಅಂತೀಯಲ್ಲ!"

 ಧರ್ಮಪ್ಪ ಫೋನಿನಲ್ಲಿ: "ಅಕ್ಕಾ, ಗಾಬರಿ ಬೀಳಬ್ಯಾಡ. ನಾನೇ ಎತ್ಕಂಡು ಹೋಗ್ತೀನಿ."

ಸಂಜೆಯವರೆಗೂ ವಾದ. ದಣಿದು ಸುಮ್ಮನಾದೆ. ನಾಳೆ ಬೆಳಿಗ್ಗೆ ನೋಡೋಣ ಅಂತ ಅವನು. ನಾಳೆ ಬೆಳಿಗ್ಗೆ.

ಸೆಪ್ಟೆಂಬರ್ 26, ಶುಕ್ರವಾರ

ಬೆಳಿಗ್ಗೆ ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾಳೆ. ಹಲ್ಲುಜ್ಜುವ ಬ್ರಷ್ ಕೈಗೆ ಕೊಟ್ಟೆ. ಅದನ್ನು ನೋಡುತ್ತ ಕುಳಿತಳು. ಏನು ಮಾಡುವುದೆಂದು ತಿಳಿಯಲಿಲ್ಲ ಅವಳಿಗೆ. ರೂಪಶ್ರೀಯನ್ನು "ಮಿಸ್" ಅಂತ ಕರೆದಳು. "ಮಿಸ್, ನಾನು ಸುಮ್ನೆ ಕೂತಿದೀನಿ."

ಪ್ರಸನ್ನ ತಕ್ಷಣ ಮೊಬೈಲ್ ಎತ್ತಿಕೊಂಡ. ಅಲ್ತಾಫನಿಗೆ ಫೋನ್ ಮಾಡಿದ. ಕೆರೆಬಿಳಚಿಯವನು, ಪ್ರಸನ್ನನ ಜೊತೆ ಐಟಿಐ ಓದಿದವನು, ಬಾಡಿಗೆ ಕಾರು ಓಡಿಸುತ್ತಾನೆ. ನಾವು ಚೀಲಕ್ಕೆ ಬಟ್ಟೆ ತುಂಬುವಷ್ಟರಲ್ಲಿ ಬಾಗಿಲಲ್ಲಿ ಹಾರ್ನ್.

ದಾರಿಯಲ್ಲಿ ಅವನು ಕನ್ನಡಿಯಲ್ಲಿ ಮಗುವನ್ನು ನೋಡಿ ನೋಡಿ ಓಡಿಸಿದ. "ಏ ಇಂಚರ ಮೇಡಂ, ಹೋದ ಸಲ ನನ್ನ ಗಾಡಿಯಾಗೆ ಎಸಿ ಗುಂಡಿ ಕಿತ್ತಾಕಿದ್ರಲ್ಲ? ಹೊಸದು ಹಾಕ್ಸೀನಿ. ಬರ್ರಿ, ಇದನ್ನೂ ಕೀಳ್ರಿ."

ಅವಳು ಕೈ ಎತ್ತಲಿಲ್ಲ. ಸಂತೇಬೆನ್ನೂರು ದಾಟಿದ ಮೇಲೆ ಅಲ್ತಾಫ ಗಾಡಿಯ ವೇಗ ಹೆಚ್ಚಿಸಿದ.

ದಾವಣಗೆರೆಯ ದೊಡ್ಡ ಆಸ್ಪತ್ರೆ, ಐಸಿಯು. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿದೆಯಂತೆ. ಅದು ಕೆಟ್ಟ ಲಕ್ಷಣ. ಇನ್ನೂ ಕೆಟ್ಟರೆ ಬೆಂಗಳೂರಿಗೆ, ಲಿವರ್ ಬದಲಾಯಿಸುವ ಕಡೆಗೆ. ಡ್ಯೂಟಿ ಡಾಕ್ಟರು ಹೇಳಿ ಮುಗಿಸುವ ಮೊದಲೇ ರೂಪಶ್ರೀ, "ನನ್ನದು ತಗೊಳ್ರಿ. ಎಷ್ಟು ಬೇಕೋ ಅಷ್ಟು ತಗೊಳ್ರಿ" ಅಂದಳು.

ಅವರು ಕೇಳಿದರು: "ಬೇರೆ ಯಾವ ಔಷಧಿ ಕೊಡ್ತಿದ್ರಿ?"

ಈ ಸಲ ರೂಪಶ್ರೀ ಎಲ್ಲ ಹೇಳಿದಳು. ಮಾತ್ರೆಯ ಹೆಸರು, ಯಾವಾಗ ಶುರು, ಯಾವಾಗ ನಿಲ್ಲಿಸಿದ್ದು, ಎಲೆ, ಮತ್ತೆ ಶುರು. ಗಟ್ಟಿಯಾಗಿ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಸೆಪ್ಟೆಂಬರ್ 28, ಭಾನುವಾರ. ಬೆಳಿಗ್ಗೆ 11

ಡಾಕ್ಟರ್ ರೇಣುಕಪ್ರಸಾದ್ ಬಂದರು. ರಜೆಯ ದಿನ, ಅವರ ಆಸ್ಪತ್ರೆಯೂ ಇದಲ್ಲ. ನನ್ನ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕುಳಿತರು. ಬೈಯಬೇಕೆಂದು ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ.

"ಪುಸ್ತಕದಲ್ಲಿ ಓದಿದ್ದೆ ಅಮ್ಮಾ. ನನ್ನ ಸರ್ವೀಸಿನಲ್ಲಿ ನೋಡ್ತಿರೋದು ಇದೇ ಮೊದಲು. ಬಹಳ ಅಪರೂಪ."

"ಅಪರೂಪ ಅಂತ ನಮಗೆ ಒಂದು ಮಾತು ಹೇಳಬಾರದಿತ್ತಾ? ಕಣ್ಣು ಹಳದಿಯಾದರೆ ನಿಲ್ಲಿಸಿ, ಫೋನ್ ಮಾಡಿ ಅಂತ? ಊಟ ಕಡಿಮೆಯಾಗುತ್ತೆ, ನಿದ್ದೆ ಕಡಿಮೆಯಾಗುತ್ತೆ, ಅದೆಲ್ಲ ಹೇಳಿದಿರಿ."

"ಹೇಳಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಆಗಸ್ಟ್‌ನಲ್ಲಿ ನೀವು ಒಂದು ಫೋನ್ ಮಾಡಿದ್ದಿದ್ರೆ ನಾನು ಮತ್ತೆ ಶುರು ಮಾಡೋಕೆ ಬಿಡ್ತಿರ್ಲಿಲ್ಲ."

 ಜೋಡಿಸಿಟ್ಟ ವಾಕ್ಯಗಳು ಕೆಲಸಕ್ಕೆ ಬರಲಿಲ್ಲ. ಇಂಥದ್ದನ್ನು ವರದಿ ಮಾಡುವ ಸರ್ಕಾರಿ ವ್ಯವಸ್ಥೆ ಇದೆಯಲ್ಲ, ಕಳಿಸುತ್ತೀರಾ ಅಂದೆ. ಕಳಿಸುತ್ತೇನೆ ಅಂದರು. ಕಳಿಸಿದ್ದನ್ನು ನನಗೆ ತೋರಿಸಿ ಅಂದೆ. ತೋರಿಸುತ್ತಾರೋ, ನೋಡಬೇಕು. ನಾನು ಮರೆಯುವವಳಲ್ಲ.

ಬಿಲಿರುಬಿನ್, ರಕ್ತದಲ್ಲಿನ ಹಳದಿ ಅಂಶ, ಏರಿದೆ. ಮಗು ಅಲ್ಲಾಡುವುದಿಲ್ಲ.

ಇವತ್ತು ಭಾನುವಾರ. ಕೊಟ್ರಮ್ಮನ ಜಗಲಿಯ ತುಂಬ ಜನ ಇರುತ್ತಾರೆ.

ಸೆಪ್ಟೆಂಬರ್ 30, ಮಂಗಳವಾರ

ಹಾಗೇ ಇದೆ. ಏರಿಲ್ಲ, ಇಳಿದಿಲ್ಲ.

ಧರ್ಮಪ್ಪ ಬಂದಿದ್ದಾನೆ. ಕಾರಿಡಾರಿನ ಈ ಕೊನೆಯಿಂದ ಆ ಕೊನೆಗೆ. ವಾಚ್‌ಮನ್ ಎರಡು ಸಲ ಹೊರಗೆ ಹಾಕಿದ. "ಅಕ್ಕಾ, ನಾನು ಕರ್ಕಂಡು ಹೋಗದೇ ಇದ್ದಿದ್ರೆ..." ಅಂತ ಶುರು ಮಾಡಿದ.

"ಕರ್ಕೊಂಡು ಹೋಗದೇ ಇದ್ದಿದ್ರೆ ಮಾತ್ರೆ ನಿಲ್ತಿರಲಿಲ್ಲ. ಆಗಸ್ಟ್‌ನಲ್ಲೇ ಹೀಗಾಗ್ತಿತ್ತು. ಕೂತ್ಕೋ."

ಕೂತ. ಸ್ವಲ್ಪ ಹೊತ್ತು. ಆಮೇಲೆ ಎದ್ದು ಎಲ್ಲರಿಗೂ ಟೀ ತರಲು ಹೋದ.

ನೋಡಲು ಬಂದ ನೆಂಟರು ಗಾಜಿನಾಚೆ ಇಣುಕಿ, "ಆ ಮಾತ್ರೆಗಳೇ ವಿಷ. ನಮ್ಮ ಕಾಲದಾಗೆ ಎರಡು ಬಿಗಿದಿದ್ರೆ ಎಲ್ಲಾ ಸರಿ ಹೋಗ್ತಿದ್ವು" ಅಂದರು. ಎದ್ದು ನಿಂತು ಹೊರಗೆ ಹೋಗಿ ಅಂದೆ. ಈ ವಯಸ್ಸಿನಲ್ಲಿ ನೆಂಟರನ್ನು ಓಡಿಸಿದ್ದು ಇದೇ ಮೊದಲು. ಆ ಮಾತ್ರೆಯಿಂದ ಮಗು ಒಂದು ಪುಟ ಓದಿದ್ದಳು. ಅದೂ ನಿಜ. ಅದರಿಂದಲೇ ಒಳಗೆ ಮಲಗಿದ್ದಾಳೆ. ಇದೂ ನಿಜ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಕೂತರೆ ಸಾಕಾಗಿ ಹೋಗುತ್ತದೆ.

ಗಾಜಿನೊಳಗೆ ಎಷ್ಟು ನೆಟ್ಟಗೆ ಮಲಗಿದ್ದಾಳೆ! ಕೈ ಪಕ್ಕಕ್ಕೆ, ಕಾಲು ಜೋಡಿಸಿ. ಯಾವ ಶಾಲೆಯೂ ಮೆಚ್ಚಬೇಕು.

ಅಕ್ಟೋಬರ್ 2, ಗುರುವಾರ

ಇಳಿದಿದೆ. ಸ್ವಲ್ಪ. ರಕ್ತದ ಪರೀಕ್ಷೆಯೂ ಸುಧಾರಿಸಿದೆ. ಬೆಂಗಳೂರು ಸದ್ಯಕ್ಕೆ ಬೇಡ ಅಂದರು.

ನೀರು ಕೇಳಿದಳು. ರೂಪಶ್ರೀಯನ್ನು ಅಮ್ಮ ಅಂದಳು. ರೂಪಶ್ರೀ ಹೊರಗೆ ಬಂದು ನನ್ನ ಭುಜಕ್ಕೆ ಮುಖ ಒತ್ತಿದಳು. ಮದುವೆಯಾಗಿ ಬಂದ ಮೇಲೆ ಇಷ್ಟು ಹತ್ತಿರ ಬಂದಿದ್ದು ಇದೇ ಮೊದಲ ಸಲ.

"ಕ್ಲಿನಿಕ್‌ನಾಗೆ ನಾನು ಬಾಯಿ ಬಿಟ್ಟಿದ್ರೆ..."

"ನಾನೂ ಅಲ್ಲೇ ಇದ್ದೆ. ಮುಖ ತೊಳ್ಕೋ."

ಪ್ರಸನ್ನ ನಿನ್ನೆ ಆಯುಧ ಪೂಜೆಗೂ ಅಂಗಡಿ ತೆರೆಯಲಿಲ್ಲ. ಕೆಳಗೆ ಅಲ್ತಾಫನ ಕಾರಿಗೆ ಇಬ್ಬರೂ ಸೇರಿ ಹೂ ಹಾಕಿದರಂತೆ.

ಅಕ್ಟೋಬರ್ 5, ಭಾನುವಾರ. ಬೆಳಿಗ್ಗೆ 10.20

ವಾರ್ಡಿಗೆ ತಂದು ಎರಡು ದಿನ. ಹಳದಿ ಇನ್ನೂ ಇದೆ, ತಿಳಿಯಾಗಿದೆ. ಇಡ್ಲಿ ತಿಂದಳು. ಆ ಮಾತ್ರೆ ಇನ್ನು ಯಾವತ್ತೂ ಬೇಡ ಅಂತ ಡಾಕ್ಟರು ಕೆಂಪು ಅಕ್ಷರದಲ್ಲಿ ಬರೆದುಕೊಟ್ಟರು. ಬೇರೆ ದಾರಿಗಳಿವೆ, ನಿಧಾನ, ತಾಯಿ-ತಂದೆಗೆ ತರಬೇತಿ, ಟೀಚರಿಗೂ, ಮೊದಲು ಲಿವರ್ ಪೂರ್ತಿ ಸರಿಯಾಗಲಿ ಅಂದರು ರೇಣುಕಪ್ರಸಾದ್. ಟೀಚರಿಗೆ ತರಬೇತಿ! ಹೆಡ್‌ಮಿಸ್ ವಾಟ್ಸಾಪಿನಲ್ಲಿ ಗೆಟ್ ವೆಲ್ ಸೂನ್ ಹೂ ಕಳಿಸಿದ್ದಾರೆ. ಕೆಳಗೆ, ಟಿಸಿ ವಿಚಾರ ರಜೆ ಮುಗಿದ ಮೇಲೆ ಮಾತಾಡೋಣ ಅಂತ. ಮಾತಾಡೋಣ. ನಾನೇ ಹೋಗುತ್ತೇನೆ. ಈಗ ಆಗುವುದಿಲ್ಲ. ಬೆನ್ನು ನೆಟ್ಟಗಾಗುತ್ತಿಲ್ಲ.

ಪಕ್ಕದ ಮಂಚದ ತಾಯಿ ಮೆಲ್ಲಗೆ ಕೇಳಿದಳು. ಅವಳ ಅಕ್ಕನ ಮಗನಿಗೂ ಅಂಥದೇ ಮಾತ್ರೆಯಂತೆ, ಚೆನ್ನಾಗಿದ್ದಾನಂತೆ, ನಿಲ್ಲಿಸಾಕೆ ಹೇಳ್ಲಾ ಅಂತ. ನೀನಾಗಿ ನಿಲ್ಲಿಸಬೇಡ, ಅವರ ಡಾಕ್ಟರನ್ನು ಕೇಳಲಿ ಅಂದೆ. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಮುಚ್ಚಿಡಬೇಡಿ ಅಂದೆ. ಇನ್ನೂ ಏನೋ ಹೇಳುವುದಿತ್ತು—

ಕಾರಿಡಾರಿನಲ್ಲಿ ಏನೋ ಗಡಗಡ. ಡ್ರಿಪ್ ಸ್ಟ್ಯಾಂಡಿನ ಚಕ್ರ. ಮಂಚ ನೋಡಿದೆ, ಖಾಲಿ. ಧರ್ಮಪ್ಪನೂ ಇಲ್ಲ.

ಸಿಸ್ಟರ್ ಕೂಗುತ್ತಿದ್ದಾಳೆ. "ಏಯ್! ಯಾರದ್ರೀ ಈ ಮಗು? ಸ್ಟ್ಯಾಂಡ್ ಮ್ಯಾಲೆ ಹತ್ಕಂಡು ನಿಂತೈತೆ! ರೀ ಯಜಮಾನ್ರೇ, ತಳ್ಳಬ್ಯಾಡ್ರಿ, ನಿಮಗಾದ್ರೂ ಬುದ್ಧಿ ಬ್ಯಾಡ್ವಾ—"

ರೂಪಶ್ರೀ ಗಾಬರಿಯಲ್ಲಿ ಎದ್ದಳು. ಸೆರಗು ಹಿಡಿದು ಕೂರಿಸಿದೆ. ಇರು ಅಂದೆ. ಒಂದೇ ಒಂದು ಸುತ್ತು ಬರಲಿ.